ಬಲ ಮುಂದಿನ ಕಾಲು

ನಮ್ಮ ಶೆಡ್ಡು, ಕೆಲಸದ ಮೇಜು
ಮಂಗಳವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಇವರಿಗೆ,

ನಿಮ್ಮ ಹೆಸರು ಬರೆಯೋಕೆ ಕೈ ಬರಲಿಲ್ಲ. ‘ರೀ’ ಅಂತ ಬರೆದು ನೋಡಿದೆ, ಕಾಗದದ ಮೇಲೆ ಅದು ಜಗಳಕ್ಕೆ ಕರೆದ ಹಾಗೆ ಕಾಣ್ತು, ಹೊಡೆದು ಹಾಕಿದೆ. ಇಪ್ಪತ್ತೊಂದು ವರ್ಷದಲ್ಲಿ ನಿಮಗೆ ಕಾಗದ ಬರೆಯೋ ಪ್ರಮೇಯವೇ ಬಂದಿರಲಿಲ್ಲ ನೋಡಿ. ಬೆಳಗಾದರೆ ಒಂದೇ ಶೆಡ್ಡು, ಒಂದೇ ದೋಣಿ, ಆ ತುದಿಗೆ ನೀವು, ಈ ತುದಿಗೆ ನಾನು. ಬರೆಯೋಕೆ ಏನಿರ್ತಿತ್ತು?

ಆರೋಗ್ಯ ಹೇಗಿದೆ? ಬಿಪಿ ಮಾತ್ರೆಯ ಡಬ್ಬಿ ಕನ್ನಡಿ ಹಿಂದೆ ಹಾಗೇ ಕೂತಿದೆ. ಅಂದರೆ ಈ ಹದಿಮೂರು ದಿನ ನೀವು ಮಾತ್ರೆ ಮುಟ್ಟಿಲ್ಲ. ಲಕೋಟೆ ಜೊತೆ ಕಳಿಸ್ತಾ ಇದ್ದೀನಿ, ನನ್ನ ಮೇಲಿನ ಸಿಟ್ಟನ್ನು ಮಾತ್ರೆ ಮೇಲೆ ತೋರಿಸಬೇಡಿ. ತಿಂಡಿ ಆದ ಮೇಲೆ ಒಂದು, ಅಷ್ಟೇ. ಭಾವನ ಮನೆಯಲ್ಲಿ ನಿಮಗೆ ನಡುಮನೆಯ ಸೋಫಾನೇ ಗತಿ ಆಗಿರುತ್ತೆ, ಕಾಲು ಚಾಚಿದರೆ ಹೊರಗೆ, ಮಡಚಿದರೆ ಸೊಂಟ ಹಿಡಿಯುತ್ತೆ. ಸಂಕೋಚ ಬಿಟ್ಟು ನೆಲದ ಮೇಲೆ ಹಾಸಿಗೆ ಕೇಳಿ ಹಾಕಿಸಿಕೊಳ್ಳಿ. ನಿಮ್ಮ ಫೋನಿಗೆ ದಿನಾ ಮಾಡ್ತೀನಿ, ದಿನಾ ಸ್ವಿಚ್ ಆಫ್. ಭಾವನಿಗೆ ಮಾಡಿದರೆ ‘ಊಟ ಮಾಡ್ತಾನಮ್ಮ, ಮಾತಾಡಲ್ಲ’ ಅಂತಾರೆ. ಊಟ ಮಾಡ್ತೀರಿ ಅಂತ ಕೇಳಿ ಸಮಾಧಾನ, ಮಾತಾಡಲ್ಲ ಅಂತ ಕೇಳಿ ಫೋನು ಇಡೋಕೆ ಮನಸ್ಸು ಬರಲ್ಲ. ದೋಣಿ ಸಾಗಿಸೋ ಲಾರಿಯವನು ನಾಳೆ ಆ ದಾರಿಯಲ್ಲೇ ಹೋಗ್ತಾನಂತೆ. ಅವನ ಕೈಯಲ್ಲಿ ಈ ಕಾಗದ ಕೊಡ್ತೀನಿ, ನಿಮ್ಮ ಕೈಗೇ ಕೊಡಬೇಕು ಅಂತ ಹೇಳ್ತೀನಿ. ಓದದೆ ಎತ್ತಿಡಬೇಡಿ. ಕಾಲಿಗೆ ಬಿದ್ದು ಕೇಳ್ಕೋತೀನಿ, ಓದಿ.

ಇಲ್ಲಿಯ ವಿಷಯ ಹೇಳ್ತೀನಿ. ಶೆಡ್ಡಿನಲ್ಲಿದ್ದ ಮೂರು ದೋಣಿಗಳಲ್ಲಿ ಎರಡನ್ನು ಅವರವರೇ ಬಂದು ಟ್ರೇಲರಿಗೆ ಹಾಕಿಕೊಂಡು ಹೋದರು. ಒಬ್ಬರು ಹಗ್ಗ ಬಿಗಿದು ಹೊರಟೇಬಿಟ್ಟರು. ಇನ್ನೊಬ್ಬರು ‘ನಿಮ್ಮವರು ಬಂದ ಮೇಲೆ ನೋಡೋಣಮ್ಮ’ ಅಂದರು, ಆದರೆ ಡಬ್ಬದಲ್ಲಿ ಬಿಚ್ಚಿಟ್ಟಿದ್ದ ತಮ್ಮ ಸ್ಕ್ರೂಗಳನ್ನೂ ಒಂದು ಬಿಡದೆ ತಗೊಂಡು ಹೋದರು. ಉಳಿದಿರೋದು ಈಜು ಮೇಷ್ಟ್ರ ದೋಣಿ ಒಂದೇ. ತನಿಖೆಯವರು ಅದಕ್ಕೆ ಸೀಲಿನ ಕಾಗದ ಅಂಟಿಸಿ ಹೋಗಿದ್ದಾರೆ. ನೋಡೋಕಾಗದೆ ನಾನು ಅದರ ಮೇಲೆ ತಾಡಪಾಲು ಹೊದಿಸಿದ್ದೀನಿ. ಆದರೂ ಈ ಮೇಜಿನಿಂದ ತಲೆ ಎತ್ತಿದರೆ ಅದೇ ಕಾಣೋದು. ಅತ್ತೆ ಮೂಲೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಾರೆ. ಹೊಲಿಯೋಕೆ ಸೀಟು ಯಾವುದೂ ಇಲ್ಲ. ಹಳೇ ರೆಕ್ಸಿನ್ ತುಂಡುಗಳನ್ನೇ ಒಂದಕ್ಕೊಂದು ಸೇರಿಸಿ ಹೊಲೀತಾರೆ, ಬಿಚ್ಚುತಾರೆ, ಮತ್ತೆ ಹೊಲೀತಾರೆ. ಕೇಳಿದರೆ ‘ಕೈ ಸುಮ್ಮನಿದ್ದರೆ ಬಾಯಿ ಶುರುವಾಗುತ್ತೆ, ಬೇಡ ಬಿಡು’ ಅಂತಾರೆ.

ಸರಿ, ಇನ್ನು ಸುತ್ತಿ ಬಳಸಿ ಹೋಗೋಕೆ ದಾರಿಯೇ ಉಳಿದಿಲ್ಲ. ಈಗ ಬರೆಯೋದೆಲ್ಲ ನಿಮಗೆ ಗೊತ್ತಿರೋದೇ. ಗೊತ್ತಿದ್ದೂ ನೀವು ಒಂದು ಮಾತು ಕೇಳಲಿಲ್ಲ, ಕೇಳದೆ ಇದ್ದಿದ್ದಕ್ಕೆ ನಾನೂ ಹೇಳಲಿಲ್ಲ. ಮೊದಲಿಂದ ಕೊನೆಯವರೆಗೆ ಒಂದು ಸಲ ನನ್ನ ಕೈಯಾರೆ ಬರೀಬೇಕು. ಇಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತೆ.

ಮೇಷ್ಟ್ರು ಆ ದೋಣಿ ತಂದಿದ್ದು ಎರಡು ತಿಂಗಳ ಹಿಂದೆ. ಹದಿನೇಳು ಅಡಿಯ ಫೈಬರ್ ದೋಣಿ, ರಜಾ ದಿನದಲ್ಲಿ ಮನೆಮಂದಿ ಕೂತು ಸುತ್ತೋ ಅಂಥದ್ದು. ಹೆಣ್ಣುಮಕ್ಕಳಿಬ್ಬರಿಗೂ ವೇಕ್‌ಬೋರ್ಡಿನ ಗೀಳು ಹತ್ತಿದೆ, ಟವರ್ ಹಾಕಿಕೊಡಿ ಅಂದರು. ಅತ್ತೆ ‘ದೋಣಿಗೆ ಎಂಥ ಟವರಪ್ಪ, ಅದೇನು ಮೊಬೈಲ್ ಕಂಪನಿನಾ’ ಅಂತ ಕೇಳಿದಾಗ ನೀವು ಎಷ್ಟು ತಾಳ್ಮೆಯಿಂದ ವಿವರಿಸಿದ್ರಿ. ಹಲಗೆಯನ್ನು ಕಾಲಿಗೆ ಕಟ್ಟಿಕೊಂಡು, ಹಗ್ಗ ಹಿಡಿದು ದೋಣಿ ಹಿಂದೆ ನೀರಿನ ಮೇಲೆ ಜಾರುತಾ ಬರ್ತಾರೆ. ಹಗ್ಗವನ್ನು ದೋಣಿಯ ಹಿಂಭಾಗದಲ್ಲಿ ಕೆಳಗೆ ಕಟ್ಟಿದರೆ ಬರೀ ಮುಂದಕ್ಕೆ ಎಳೆಯುತ್ತೆ. ತಲೆಗಿಂತ ಎತ್ತರದಲ್ಲಿ, ಕಮಾನಿನ ಥರ ನಿಲ್ಲಿಸಿದ ಪೈಪಿಗೆ ಕಟ್ಟಿದರೆ ಅಲೆ ಮೇಲಿಂದ ಹಾರಿದಾಗ ಮೇಲಕ್ಕೂ ಎತ್ತಿ ಹಿಡಿಯುತ್ತೆ. ‘ಆದರೆ ಅಮ್ಮ, ಮನುಷ್ಯನ ಭಾರವೆಲ್ಲ ಆ ನಾಲ್ಕು ಕಾಲಿನ ಮೇಲೆ ಬೀಳುತ್ತೆ. ಅದರಲ್ಲೂ ಮುಂದಿನ ಎರಡು ಕಾಲು ಕಿತ್ತುಕೊಂಡು ಬರೋಕೇ ನೋಡ್ತವೆ’ ಅಂದಿದ್ರಿ. ನಾನು ಪಕ್ಕದಲ್ಲೇ ನಿಂತಿದ್ದೆ. ಕಿವಿಯಾರೆ ಕೇಳಿದ್ದೆ.

ಕೆಲಸ ಶುರು ಮಾಡಿದ ದಿನ ನೀವು ಬಲು ಖುಷಿಯಲ್ಲಿದ್ರಿ. ಅಲ್ಯೂಮಿನಿಯಂ ಪೈಪುಗಳನ್ನು ನೆಲದ ಮೇಲೆ ಹರಡಿ ಜೋಡಿಸಿ, ಇಬ್ಬರೂ ಎತ್ತಿ ದೋಣಿ ಮೇಲೆ ಕೂರಿಸಿ ನೋಡಿದೆವು. ಎಡಕ್ಕೆ ಅರ್ಧ ಬೆರಳು ಜಾಸ್ತಿ ಅಂತ ನಾಲ್ಕು ಸಲ ಇಳಿಸಿದ್ರಿ. ನಾನು ‘ಮದುವೆ ಚಪ್ಪರ ಅಲ್ಲ ಇದು’ ಅಂತ ರೇಗಿಸಿದೆ. ಆಮೇಲೆ ರಟ್ಟಿನಲ್ಲಿ ಟವರ್ ಕಾಲಿನ ಪಾದದ ಅಚ್ಚು ಕತ್ತರಿಸಿ, ಟೇಪು ಅಂಟಿಸಿ, ಗುರುತು ಹಾಕಿ, ಮೊದಲು ಸಣ್ಣ ತೂತು, ಆಮೇಲೆ ದೊಡ್ಡದು. ಫೈಬರಿನ ಮೇಲ್ಪದರ ಸೀಳಬಾರದು ಅಂತ ಪ್ರತಿ ತೂತಿನ ಅಂಚನ್ನೂ ನೀವೇ ಉಜ್ಜಿದ್ರಿ. ಒಂದೊಂದು ಕಾಲಿಗೆ ಮೂರು ಬೋಲ್ಟು, ಒಟ್ಟು ಹನ್ನೆರಡು. ಡೆಕ್ಕಿನ ಕೆಳಗಡೆ, ಒಳಗಿನಿಂದ, ಪ್ರತಿ ಕಾಲಿಗೂ ಅಂಗೈಯಷ್ಟು ಅಗಲದ ಒಂದು ದಪ್ಪ ಪ್ಲೇಟು. ಎಳೆತ ತೆಳ್ಳಗಿನ ಫೈಬರಿನ ಒಂದೇ ಜಾಗಕ್ಕೆ ಬೀಳದೆ ಪ್ಲೇಟಿನಗಲಕ್ಕೂ ಹಂಚಿ ಹೋಗಲಿ ಅಂತ. ಆ ಪ್ಲೇಟೇ ಟವರಿನ ಜೀವ ಅಂತ ನೀವು ನನಗೆ ಎಷ್ಟು ಸಲ ಹೇಳಿಲ್ಲ.

ಮೂರು ಕಾಲಿನದ್ದು ನೀವೇ ಹಾಕಿದ್ರಿ. ಬಲ ಮುಂದಿನ ಕಾಲಿನ ಹತ್ತಿರ ನಿಮ್ಮ ಕೈ ಹೋಗಲಿಲ್ಲ. ಅಲ್ಲಿ ಸ್ಟೀರಿಂಗ್ ಕೇಬಲ್ಲು, ವೈರಿನ ಗೊಂಚಲು ಎಲ್ಲ ಅಡ್ಡ. ದೋಣಿಯ ಒಳಗೋಡೆಯಲ್ಲಿ ಕೂರಿಸಿದ್ದ ಹಾಡಿನ ಸ್ಪೀಕರ್ ಬಿಚ್ಚಿ, ಆ ತೂತಿನೊಳಗೆ ಮೊಣಕೈವರೆಗೆ ಕೈ ತೂರಿಸಿದರೆ ಮಾತ್ರ ಎಟುಕೋದು. ‘ಲೇ, ನಿನ್ನ ಕಡ್ಡಿ ಕೈ ಕೊಡು ಇಲ್ಲಿ’ ಅಂದ್ರಿ. ನೀವು ಮೇಲಿನಿಂದ ಬೋಲ್ಟಿನ ತಲೆ ಹಿಡಿದಿದ್ರಿ. ನಾನು ಒಳಗೆ ಪ್ಲೇಟು ಹಿಡಿದು ಕೂರಿಸೋಕೆ ನೋಡಿದೆ. ಕೂರಲಿಲ್ಲ. ಕೇಬಲ್ಲಿನ ಹಿಡಿಕೆ ಒಂದು ಮೂಲೆಗೆ ತಗಲ್ತಾ ಇತ್ತು. ಈಚೆ ತೆಗೆದು, ಆ ಮೂಲೆ ಕತ್ತರಿಸಿ, ಅರ ಹಾಕಿ ಮತ್ತೆ ತೂರಿಸಬೇಕಿತ್ತು. ಅರ್ಧ ಗಂಟೆಯ ಕೆಲಸ. ಅಷ್ಟರಲ್ಲಿ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು, ಯಾರೋ ಫೋನು ಮಾಡ್ತಾ ಇದ್ದರು, ನನ್ನ ತೋಳಿಗೆಲ್ಲ ಫೈಬರಿನ ಪುಡಿ ಅಂಟಿ ಕಡಿತ ತಡೆಯೋಕಾಗ್ತಿರಲಿಲ್ಲ. ಇವು ಯಾವುವೂ ಕಾರಣ ಅಲ್ಲ ಅಂತ ನನಗೂ ಗೊತ್ತು. ನನಗೆ ಸಾಕಾಗಿತ್ತು, ಅಷ್ಟೇ. ಪ್ಲೇಟನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಡಬ್ಬದಿಂದ ಮೂರು ಅಗಲದ ವಾಷರ್ ತೆಗೆದು ಬೋಲ್ಟಿಗೆ ಹಾಕಿ ನಟ್ಟು ಬಿಗಿದೆ. ನೀವು ಮೇಲಿನಿಂದ ‘ಪ್ಲೇಟು ಕೂತಿತಾ?’ ಅಂದ್ರಿ. ನಾನು ‘ಕೂತಿದೆ’ ಅಂದೆ. ಇಪ್ಪತ್ತೊಂದು ವರ್ಷದಲ್ಲಿ ನಿಮಗೆ ಸಣ್ಣಪುಟ್ಟ ಸುಳ್ಳು ಹೇಳಿಲ್ಲ ಅಂತಲ್ಲ. ಸೀರೆಯ ವಿಷಯದಲ್ಲಿ ಹೇಳಿದ್ದೀನಿ, ನನ್ನ ತಮ್ಮನ ವಿಷಯದಲ್ಲೂ ಹೇಳಿದ್ದೀನಿ. ಕೆಲಸದ ವಿಷಯದಲ್ಲಿ ಅದೇ ಮೊದಲು. ನೀವು ಮರುಪ್ರಶ್ನೆ ಹಾಕಲಿಲ್ಲ. ಯಾಕೆ ಹಾಕ್ತೀರಿ, ನಾನಲ್ವಾ ಹೇಳಿದ್ದು.

ಆರು ವಾರ ಆ ಟವರ್ ನಿಂತಿತ್ತು. ಆ ಭಾನುವಾರ ನಿಲ್ಲಲಿಲ್ಲ. ದೊಡ್ಡ ಮಗಳು ಹಗ್ಗ ಹಿಡಿದು ಹಿಂದೆ ಬರ್ತಿದ್ದಳು. ಮೇಷ್ಟ್ರು ದೋಣಿ ತಿರುಗಿಸಿದರಂತೆ, ಅವಳು ಅಲೆ ಮೇಲಿಂದ ಹಾರಿದಳಂತೆ, ಹಗ್ಗ ಒಮ್ಮೆಗೇ ಬಿಗಿಯಾಗಿ ಬಲ ಮುಂದಿನ ಕಾಲು ಡೆಕ್ಕನ್ನು ಹರಿದುಕೊಂಡು ಮೇಲೆದ್ದಿತು. ಟವರ್ ತಿರುಚಿಕೊಂಡು ಹಿಂದಕ್ಕೆ ಬಿತ್ತು. ಹಿಂದಿನ ಸೀಟಿನಲ್ಲಿ ಅಕ್ಕನನ್ನೇ ನೋಡ್ತಾ ಕೂತಿದ್ದವಳು ಚಿಕ್ಕವಳು, ಮೇಷ್ಟ್ರು ‘ಮೀನ್ಮರಿ’ ಅಂತ ಕರೀತಾರಲ್ಲ, ಅವಳು. ಪೈಪು ಅವಳ ಭುಜಕ್ಕೆ ಬಡೀತು. ನಾಲ್ಕು ಬೆರಳು ಈಚೆಗೆ ಬಿದ್ದಿದ್ದರೆ ತಲೆ. ಈ ನಾಲ್ಕು ಬೆರಳಿನ ಲೆಕ್ಕವನ್ನು ನಾನು ದಿನಕ್ಕೆ ನೂರು ಸಲ ಹಾಕ್ತೀನಿ.

ಇನ್ನು ಅದಾಗಿ ಎರಡು ದಿನಕ್ಕೆ ಬಂದ ಮಂಗಳವಾರದ ವಿಷಯ. ಅಪಘಾತದ ತನಿಖಾಧಿಕಾರಿ ಬಂದರು. ಕಿತ್ತುಬಂದ ಟವರ್ ಕಾಲಿನ ಪಾದವನ್ನು ಮೇಜಿನ ಮೇಲೆ, ಇದೇ ಮೇಜಿನ ಮೇಲೆ, ಇಟ್ಟರು. ಮೂರು ಬೋಲ್ಟು, ಮೂರು ವಾಷರ್, ಅವುಗಳ ಮಧ್ಯೆ ಹರಿದ ಫೈಬರ್ ತುಂಡು. ನೀವು ಅದನ್ನು ನೋಡಿದ್ರಿ. ಆಮೇಲೆ ನನ್ನನ್ನು ನೋಡಿದ್ರಿ. ಒಂದೇ ಸಲ. ನಾನು ಟೀ ತಟ್ಟೆ ಹಿಡ್ಕೊಂಡು ನಿಂತಿದ್ದೆ. ‘ಇದನ್ನು ಯಾರು ಹಾಕಿದ್ದು?’ ಅಂತ ಅವರು ಕೇಳಿದರು. ನೀವು ‘ನಾನೇ. ಹನ್ನೆರಡೂ ನಾನೇ ಹಾಕಿದ್ದು. ಇಲ್ಲಿ ಪ್ಲೇಟು ಬೇಡ ಅನ್ನಿಸ್ತು, ವಾಷರ್ ಹಾಕಿದೆ. ತಪ್ಪಾಯ್ತು’ ಅಂದ್ರಿ. ಒಂದು ನಟ್ಟು ಸಡಿಲ ಅನ್ನಿಸಿದರೆ ಹೋದ ದೋಣಿಯನ್ನು ವಾಪಸ್ ಕರೆಸೋ ಮನುಷ್ಯ ನೀವು. ‘ಬೇಡ ಅನ್ನಿಸ್ತು’ ಅಂದ್ರಿ! ಅವರು ಬರಕೊಂಡರು, ನೀವು ಸಹಿ ಹಾಕಿದ್ರಿ. ಆವಾಗ ನನ್ನ ಬಾಯಿಂದ ಬಂದ ಮಾತು ಏನು ಅಂತ ನಿಮಗೆ ನೆನಪಿದೆಯಾ? ‘ಟೀ ಆರಿ ಹೋಗುತ್ತೆ, ತಗೊಳ್ಳಿ’ ಅಂದೆ. ಅಷ್ಟೇ ಅಂದಿದ್ದು. ನನ್ನ ನಾಲಿಗೆ ಬಿದ್ದುಹೋಗಬೇಕಿತ್ತು.

ಮರುದಿನ ಬೆಳಿಗ್ಗೆ ನೀವು ಎರಡು ಶರ್ಟು ಚೀಲಕ್ಕೆ ತುರುಕಿಕೊಂಡು ‘ಅಣ್ಣನ ಮನೆಗೆ ಹೋಗಿ ಬರ್ತೀನಿ’ ಅಂದ್ರಿ. ಎಷ್ಟು ದಿನ ಅಂದೆ. ‘ನೋಡೋಣ’ ಅಂದ್ರಿ. ನೀವು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು ರೀ. ಯಾಕೆ ಹೀಗೆ ಮಾಡಿದೆ ಅಂತ ಕೂಗಾಡಿದ್ದರೆ, ಸ್ಪ್ಯಾನರ್ ಎಸೆದಿದ್ದರೆ, ನಾನು ಅಲ್ಲೇ ಕುಸಿದು ಎಲ್ಲ ಹೇಳಿಬಿಡ್ತಿದ್ದೆ. ನೀವು ಗೇಟಿನ ಚಿಲಕ ಎಂದಿನ ಹಾಗೆ ಹಾಕಿಕೊಂಡು ಹೋದ್ರಿ. ನನ್ನನ್ನು ಉಳಿಸೋಕೆ ಹೋದ್ರಾ, ನನ್ನ ಮುಖ ನೋಡೋಕಾಗದೆ ಹೋದ್ರಾ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ಒಂದು ದಿನ ಅದು ಅನ್ನಿಸುತ್ತೆ, ಒಂದು ದಿನ ಇದು. ಎರಡರಲ್ಲಿ ಯಾವುದೇ ಆಗಿದ್ದರೂ ನನಗೆ ಉಸಿರಾಡೋಕೆ ಜಾಗ ಇಲ್ಲ.

ನೀವು ಹೋದ ಮೇಲೆ ನನಗೆ ಇನ್ನೊಂದು ಭಯ ಹೊಕ್ಕಿತು. ಎರಡು ವರ್ಷದಲ್ಲಿ ನಾವು ಇನ್ನೂ ಐದು ದೋಣಿಗೆ ಟವರ್ ಹಾಕಿದ್ದೀವಿ. ಅವುಗಳಲ್ಲೂ ಕೈ ಎಟುಕದ ಕಡೆ ನಾನೇ ಹಾಕಿದ್ದು. ಅಲ್ಲೆಲ್ಲ ಪ್ಲೇಟು ಹಾಕಿದ್ದೆನಾ? ಹಾಕಿದ್ದೆ ಅಂತ ಮನಸ್ಸು ಹೇಳುತ್ತೆ, ಆದರೆ ನನ್ನ ಮನಸ್ಸಿನ ಮಾತನ್ನು ಇನ್ನು ಯಾರು ನಂಬಬೇಕು? ಬಸ್ಸು ಹಿಡಿದು, ಟಾರ್ಚು, ಸ್ಕ್ರೂಡ್ರೈವರ್ ಚೀಲದಲ್ಲಿಟ್ಟುಕೊಂಡು ಒಂದೊಂದೇ ಮನೆಗೆ ಹೋದೆ. ಸುಮ್ಮನೆ ಒಂದು ಸಲ ನೋಡಿ ಹೋಗ್ತೀನಿ ಅಂದೆ. ಒಬ್ಬರು ದೋಣಿ ಮುಟ್ಟೋಕೇ ಬಿಡಲಿಲ್ಲ, ಗೇಟಿನ ಹೊರಗೆ ಒಂದೂವರೆ ಗಂಟೆ ನಿಂತ ಮೇಲೆ ಒಳಗೆ ಬಿಟ್ಟರು. ಪ್ರತಿಯೊಂದರಲ್ಲೂ ಸ್ಪೀಕರ್ ಬಿಚ್ಚಿ, ಕಣ್ಣು ಮುಚ್ಚಿ, ಕೈ ತೂರಿಸಿ ತಡಕಿದೆ. ಐದರಲ್ಲೂ ಪ್ಲೇಟು ಇದೆ. ಒಂದು ಕಡೆ ಮೂಲೆ ಕತ್ತರಿಸಿ ಅರ ಹಾಕಿ ಎಷ್ಟು ಚೆನ್ನಾಗಿ ಕೂರಿಸಿದ್ದೀನಿ ಅಂತೀರಿ! ಅದನ್ನು ಬೆರಳಲ್ಲಿ ಮುಟ್ಟಿದಾಗ ನನಗೆ ಅಳು ಬಂತು. ಮಾಡೋಕೆ ಬರ್ತಿತ್ತು. ಮಾಡಿಯೂ ಇದ್ದೆ. ಒಂದೇ ಒಂದು ಸಲ ಮಾಡಲಿಲ್ಲ, ಆ ಒಂದೇ ಸಲಕ್ಕೆ ಆ ಹುಡುಗಿ ಸಿಕ್ಕಳು.

ಆಸ್ಪತ್ರೆಗೂ ಹೋಗಿದ್ದೆ, ಹೋದ ಗುರುವಾರ. ಕೈಯಲ್ಲಿ ಹಣ್ಣಿನ ಚೀಲ. ಹೇಳಿಬಿಡಬೇಕು ಅಂತಲೇ ಹೋಗಿದ್ದು. ಮೇಷ್ಟ್ರು ಎದ್ದು ಕುರ್ಚಿ ಕೊಟ್ಟರು. ‘ನಿಮ್ಮದೇನು ತಪ್ಪಮ್ಮ, ಪಾಪ, ನೀವು ಯಾಕೆ ಒದ್ದಾಡ್ತೀರಿ, ನಿಮ್ಮ ಯಜಮಾನರು ಹೀಗೆ ಮಾಡ್ತಾರೆ ಅಂತ ಯಾರು ಅಂದ್ಕೊಂಡಿದ್ರು’ ಅಂದರು. ನಿಮ್ಮನ್ನು ಬೈದು ನನ್ನನ್ನು ಸಮಾಧಾನ ಮಾಡಿದರು. ನಾನು ಆ ಕುರ್ಚಿಯಲ್ಲಿ ಕೂತುಕೊಂಡೆ! ಸಮಾಧಾನ ಮಾಡಿಸಿಕೊಂಡೆ! ಹುಡುಗಿ ಭುಜಕ್ಕೆ ಪಟ್ಟಿ ಬಿಗಿದುಕೊಂಡು ಒರಗಿದ್ದಳು. ಮುರಿದ ಮೂಳೆಗೆ ಒಳಗೆ ಪ್ಲೇಟು ಇಟ್ಟು ಏಳು ಸ್ಕ್ರೂ ಹಾಕಿದ್ದಾರಂತೆ. ‘ಆಂಟಿ, ಈಗ ನಾನೂ ನಿಮ್ಮ ದೋಣಿ ಥರಾನೇ’ ಅಂತ ನಕ್ಕಳು. ಆ ನಗು ನೋಡಿ ನನ್ನ ಧೈರ್ಯವೆಲ್ಲ ಇಳಿದುಹೋಯ್ತು. ಮುಂದಿನ ತಿಂಗಳು ಅವಳು ಈಜುಕೊಳದಲ್ಲಿ ಮಕ್ಕಳ ಕಾವಲಿಗೆ ಕೆಲಸಕ್ಕೆ ಸೇರಬೇಕಿತ್ತು. ಕೈ ತಲೆ ಮೇಲಕ್ಕೆ ಎತ್ತೋಕಾಗುತ್ತೋ ಇಲ್ಲವೋ ಡಾಕ್ಟರು ಈಗಲೇ ಹೇಳಲ್ವಂತೆ. ನಾನು ಹಣ್ಣು ಇಟ್ಟು ಎದ್ದು ಬಂದೆ. ಎರಡನೇ ಸಲ ಬಾಯಿ ಬಿಡದೆ ಬಂದೆ.

ಶನಿವಾರ ಅತ್ತೆ ಮಿಷನ್ ನಿಲ್ಲಿಸಿ, ತಲೆ ಎತ್ತದೆ, ‘ನನ್ನ ಮಗನಿಗೆ ಸುಳ್ಳು ಹೇಳೋಕೆ ಬರಲ್ಲ. ಬರೆದು ಸಹಿ ಹಾಕಿದ್ದಾನೆ ಅಂದರೆ ಯಾರಿಗೋಸ್ಕರವೋ ಹಾಕಿದ್ದಾನೆ. ನಮ್ಮ ಶೆಡ್ಡಿನಲ್ಲಿ ಇರೋದು ಮೂರೇ ಜನ, ನನ್ನ ಕೈ ಆ ತೂತಿನೊಳಗೆ ಹಿಡಿಸಲ್ಲ’ ಅಂದರು. ಅಷ್ಟು ಹೇಳಿ ಮತ್ತೆ ಹೊಲಿಯೋಕೆ ಶುರು ಮಾಡಿದರು. ಬೈಯಲಿಲ್ಲ. ನಿಮ್ಮ ಮನೆಯವರು ಯಾಕೆ ಯಾರೂ ಬೈಯಲ್ಲ? ನನ್ನ ತವರಿನಲ್ಲಿ ಆಗಿದ್ದರೆ ಇಷ್ಟು ಹೊತ್ತಿಗೆ ಪಾತ್ರೆಗಳು ಹಾರಾಡಿ, ಅತ್ತು, ಮೂಗು ಒರೆಸಿಕೊಂಡು ಊಟಕ್ಕೆ ಕೂತಿರ್ತಿದ್ದೆವು.

ನನ್ನೊಬ್ಬಳಿಂದ ಆಗ್ತಿಲ್ಲ ರೀ. ತನಿಖೆ ಆಫೀಸಿನ ಬಾಗಿಲವರೆಗೆ ನಿನ್ನೆ ಹೋಗಿ, ಅಲ್ಲಿ ನೀರು ಕುಡಿದು, ವಾಪಸ್ ಬಂದೆ. ಒಳಗೆ ಹೋದರೆ ನೀವು ಸುಳ್ಳು ಸಹಿ ಹಾಕಿದವರಾಗ್ತೀರಿ, ಹೋಗದಿದ್ದರೆ ಹುಡುಗಿಯ ಭುಜ ಮುರಿದವರಾಗ್ತೀರಿ. ಯಾವ ಕಡೆ ಕಾಲಿಟ್ಟರೂ ನಿಮ್ಮನ್ನೇ ತುಳೀತೀನಿ. ನೀವು ಬನ್ನಿ. ಬಂದು ಮೊದಲು ನನ್ನನ್ನು ಬಾಯಿಗೆ ಬಂದ ಹಾಗೆ ಬೈಯಿರಿ, ಆಮೇಲೆ ಇಬ್ಬರೂ ಹೋಗೋಣ. ಬರೋಕಾಗದಿದ್ದರೆ ಫೋನಾದರೂ ಆನ್ ಮಾಡಿ. ಮಾತಾಡದಿದ್ದರೂ ಪರವಾಗಿಲ್ಲ, ಆ ಕಡೆ ನೀವು ಉಸಿರಾಡೋದು ಕೇಳಿಸಲಿ.

ಭಾವನಿಗೂ ಅಕ್ಕನಿಗೂ ನನ್ನ ನಮಸ್ಕಾರ ತಿಳಿಸಿ. ಅವರ ಮಕ್ಕಳು ಚೆನ್ನಾಗಿ ಓದಿ ದೊಡ್ಡವರಾಗಲಿ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಸ್ವೆಟರ್ ಬಿಟ್ಟುಹೋಗಿದ್ದಾನೆ ಅಂತ ಗೊಣಗಿ ಅದನ್ನೂ ಕಟ್ಟಿದ್ದಾರೆ.

ನಿಮ್ಮವಳು

ತಾ.ಕ.: ಬುಧವಾರ, ಹನ್ನೊಂದೂವರೆ. ಲಾರಿ ಹೊರಟು ನಿಂತಿದೆ, ಅವನು ಹಾರ್ನ್ ಹೊಡೀತಾ ಇದ್ದಾನೆ, ಅಕ್ಷರ ಸೊಟ್ಟ ಆದರೆ ಬೇಸರ ಮಾಡ್ಕೋಬೇಡಿ. ಹೇಳಿಬಿಟ್ಟೆ. ಬೆಳಿಗ್ಗೆ ಎದ್ದವಳೇ ಮೊದಲು ಮೇಷ್ಟ್ರ ಮನೆಗೆ ಹೋದೆ. ಹುಡುಗಿಯನ್ನು ಸೋಮವಾರವೇ ಮನೆಗೆ ಕಳಿಸಿದ್ದಾರೆ. ಕೂತ್ಕೊಳ್ಳಿ ಅಂದರು, ಕೂರಲಿಲ್ಲ. ನಿಂತೇ ಹೇಳಿದೆ, ಪ್ಲೇಟು ಜೇಬಿಗೆ ಹಾಕಿಕೊಂಡಿದ್ದರಿಂದ ಹಿಡಿದು ಟೀ ಆರುತ್ತೆ ಅಂದಿದ್ದರವರೆಗೆ. ಮೇಷ್ಟ್ರು ಎದ್ದು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಹುಡುಗಿ ಮಾತ್ರ ‘ಆಸ್ಪತ್ರೆಗೆ ಬಂದಿದ್ರಲ್ಲ, ಅವತ್ತು ಯಾಕೆ ಹೇಳಲಿಲ್ಲ?’ ಅಂತ ಕೇಳಿದಳು. ಹೆದರಿಕೆ ಆಯ್ತು ಅಂದೆ. ‘ನನಗೂ ಆಗ್ತಿದೆ’ ಅಂದಳು. ಕ್ಷಮಿಸಿದೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿಂದ ಸೀದಾ ಆಫೀಸಿಗೆ ಹೋಗಿ ಬರೆದುಕೊಟ್ಟು ಸಹಿ ಹಾಕಿ ಬಂದೆ. ತನಿಖೆ ಮುಗಿಯೋವರೆಗೆ ಶೆಡ್ಡು ಬಂದ್, ಆಮೇಲೆ ಏನಾಗುತ್ತೋ ಅವರೂ ಹೇಳಲಿಲ್ಲ. ಶುಕ್ರವಾರ ಹತ್ತು ಗಂಟೆಯೊಳಗೆ ನೀವೇ ಬಂದು ನಿಮ್ಮ ಹೇಳಿಕೆ ವಾಪಸ್ ತಗೋಬೇಕಂತೆ, ಇಲ್ಲದಿದ್ದರೆ ನಿಮ್ಮ ಮೇಲೂ ಬೇರೆ ಕೇಸು. ಈಗ ಈ ಕಾಗದ ಕಳಿಸ್ತಿರೋದು ಮುಖ್ಯವಾಗಿ ಇದಕ್ಕೇ. ನನಗೋಸ್ಕರ ಬರೋಕೆ ಮನಸ್ಸಿಲ್ಲದಿದ್ದರೆ ನಿಮಗೋಸ್ಕರ ಬನ್ನಿ. ಆ ಆಫೀಸಿನ ವರಾಂಡದಲ್ಲಿ ಎರಡು ಬೆಂಚಿವೆ, ನಾನು ಒಂಬತ್ತಕ್ಕೇ ಹೋಗಿ ಒಂದರಲ್ಲಿ ಕೂತಿರ್ತೀನಿ. ಪಕ್ಕದಲ್ಲಿ ಕೂರೋಕಾಗದಿದ್ದರೆ ಎದುರಿನದರಲ್ಲಿ ಕೂತ್ಕೊಳ್ಳಿ. ಬನ್ನಿ.